ಹೊಲದ ಬದುವಿನಲ್ಲಿ ಗಾಜಿನ ತಂತಿ: ಕಾಯಿದೆ ಏನು ಹೇಳುತ್ತದೆ?



ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿಗೆ ಹೋಗುವಾಗಲೋ, ಮಂಡ್ಯದ ಸುತ್ತಿನ ಹಳ್ಳಿಗಳ ದಾರಿಯಲ್ಲೋ, ರಸ್ತೆಯ ಅಂಚಿನಲ್ಲಿ ನೆಟ್ಟ ಮೋಟು ಕಲ್ಲುಗಳನ್ನು ತಾವು ನೋಡಿರಬಹುದು. ಅವು ಮೈಲಿಕಲ್ಲುಗಳಲ್ಲ, ಸರ್ವೆಯವರ ಬಾಂದುಕಲ್ಲುಗಳೂ ಅಲ್ಲ. ಅವುಗಳ ಪಕ್ಕದಲ್ಲಿ ನೆಲದೊಳಗೆ ಒಂದು ಕೊಳವೆ ಇದೆ, ಕೊಳವೆಯೊಳಗೆ ಒಂದು ಕೇಬಲ್ಲಿದೆ, ಕೇಬಲ್ಲಿನೊಳಗೆ ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳಿವೆ ಎಂದು ಆ ಕಲ್ಲುಗಳು ಹೇಳುತ್ತವೆ. ಆ ಎಳೆಗಳಲ್ಲಿ ಬೆಳಕು ಓಡುತ್ತದೆ. ಬೆಳಕಿನ ಮೇಲೆ ಸವಾರಿಮಾಡಿಕೊಂಡು ಪಹಣಿಯ ಲೆಕ್ಕ, ಬ್ಯಾಂಕಿನ ಬಾಕಿ, ಮಾರುಕಟ್ಟೆಯ ಧಾರಣೆ, ದೂರದ ಊರಿನಲ್ಲಿರುವ ಮಗನ ಮಾತು, ಎಲ್ಲವೂ ಬರುತ್ತವೆ.

ಈ ಕೇಬಲ್ಲು ಇಂದಲ್ಲ ನಾಳೆ ನಿಮ್ಮ ಬದುವಿನ ಪಕ್ಕಕ್ಕೂ ಬರಬಹುದು. ಗುತ್ತಿಗೆದಾರನ ಆಳು ಒಂದು ಕಾಗದ ಹಿಡಿದು ರುಜು ಹಾಕಿರೆಂದು ಕೇಳಬಹುದು. ಆಗ ಏನು ಮಾಡಬೇಕು? ಬೇಡವೆನ್ನಬಹುದೇ? ಬೆಳೆ ಹಾಳಾದರೆ ಕೊಡುವವರು ಯಾರು? ಹತ್ತು ವರ್ಷದ ಮೇಲೆ ಅಲ್ಲಿಯೇ ಬಾವಿ ತೋಡಬೇಕೆನಿಸಿದರೆ ಯಾರನ್ನು ಕೇಳಬೇಕು? ಈ ಪಾಠದಲ್ಲಿ ಇವುಗಳನ್ನು ವಿಚಾರಮಾಡೋಣ.

ಯೋಜನೆಯ ಕಥೆ

ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಇಂಥ ತಂತಿ ಎಳೆಯಬೇಕೆಂದು ಕೇಂದ್ರ ಮಂತ್ರಿಮಂಡಲ 2011ರ ಅಕ್ಟೋಬರ್ 25ರಂದು ಒಪ್ಪಿಗೆ ಕೊಟ್ಟಿತು. 2012ರಲ್ಲಿ ಇದಕ್ಕೆಂದೇ ಒಂದು ಸರ್ಕಾರಿ ಕಂಪನಿ ಹುಟ್ಟಿತು. 2015ರಲ್ಲಿ ಯೋಜನೆಗೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಲೆಕ್ಕದಲ್ಲಿ ಎರಡು ವರ್ಷದ ಕೆಲಸ. ಆದರೆ ಮೊದಲ ಒಂದು ಲಕ್ಷ ಪಂಚಾಯಿತಿಗಳ ಹಂತ ಮುಗಿಯುವಾಗ 2017ರ ಡಿಸೆಂಬರ್ ಬಂದಿತ್ತು. 2021ರಲ್ಲಿ ಕರ್ನಾಟಕವೂ ಸೇರಿದಂತೆ 16 ರಾಜ್ಯಗಳ ಕೆಲಸವನ್ನು ಖಾಸಗಿಯವರೊಡನೆ ಕೂಡಿ ಮಾಡೋಣವೆಂದು ಕರೆದರೆ ಕೆಲಸ ಹಿಡಿಯುವವರೇ ಮುಂದೆ ಬರಲಿಲ್ಲ. 2022ರಲ್ಲಿ ಆ ಕಂಪನಿಯನ್ನು ಬಿ.ಎಸ್.ಎನ್.ಎಲ್. ಜೊತೆ ಸೇರಿಸಲು ತೀರ್ಮಾನವಾಯಿತು. 2023ರ ಆಗಸ್ಟಿನಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ತಿದ್ದಿದ ಯೋಜನೆ ಮಂಜೂರಾಯಿತು.

ಎರಡು ವರ್ಷದ ಕೆಲಸ ಇಷ್ಟು ಎಳೆದದ್ದೇಕೆ? ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾದ್ದೇ ಇಲ್ಲ, ಅದು ದಾರಿಯ ತಕರಾರು. ಬಂಡಿದಾರಿಗಾಗಿ ಅಣ್ಣ ತಮ್ಮಂದಿರು ಮಳವಳ್ಳಿ ಕೋರ್ಟಿನ ಮೆಟ್ಟಿಲು ಸವೆಸುವುದನ್ನು ನಾವೆಲ್ಲ ಕಂಡಿದ್ದೇವೆ. ಇಡೀ ದೇಶಕ್ಕೆ ಒಂದು ತಂತಿ ಎಳೆಯುವಾಗ ಅದೇ ತಕರಾರು ಸರ್ಕಾರ ಸರ್ಕಾರಗಳ ನಡುವೆಯೇ ಹುಟ್ಟುತ್ತದೆ.

ತಂತಿ ಒಬ್ಬರದು, ನೆಲ ಇನ್ನೊಬ್ಬರದು

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಪಾಲುಪಟ್ಟಿ ಮಾಡಿದ್ದಾರೆ. ಅಂಚೆ, ತಂತಿ, ಟೆಲಿಫೋನು, ನಿಸ್ತಂತು ಇವೆಲ್ಲ ಕೇಂದ್ರದ ಪಟ್ಟಿಯ 31ನೆಯ ಬಾಬು. ಭೂಮಿಯಾದರೋ ರಾಜ್ಯದ ಪಟ್ಟಿಯ 18ನೆಯ ಬಾಬು. ನೀರು, ನಾಲೆ, ಏರಿ ರಾಜ್ಯದ್ದೇ. ರಾಷ್ಟ್ರೀಯ ಹೆದ್ದಾರಿ, ರೈಲು ಕೇಂದ್ರದ್ದು. ಉಳಿದ ರಸ್ತೆ ರಾಜ್ಯದ್ದು. ಊರೊಳಗಿನ ಬೀದಿಯನ್ನು ನೋಡಿಕೊಳ್ಳುವುದು ಪಂಚಾಯಿತಿ. ತಂತಿಯನ್ನು ಕೇಂದ್ರವೇ ಎಳೆಯಬೇಕು, ಆದರೆ ನೆಲದ ಮೇಲೆ ಕಾಲಿಡದೆ ಎಳೆಯುವುದಕ್ಕೆ ಆಗದು.

ಒಂದು ಉದಾಹರಣೆ ನೋಡೋಣ. ಮಳವಳ್ಳಿಯಿಂದ ಹಲಗೂರಿನ ಮೇಲೆ ಮುತ್ತತ್ತಿಯ ಕಡೆಗೆ ಒಂದು ಕೇಬಲ್ಲು ಹೋಗಬೇಕೆಂದುಕೊಳ್ಳಿ. ಹಲಗೂರಿನವರೆಗೆ ಕನಕಪುರದ ಹೆದ್ದಾರಿಯ ಪಕ್ಕ ಅಗೆಯಬೇಕು. ಅದು ರಾಷ್ಟ್ರೀಯ ಹೆದ್ದಾರಿ 948. ಅದರ ಅಂಚನ್ನು ಮುಟ್ಟಬೇಕಾದರೆ ಹೆದ್ದಾರಿಯವರ ಅಪ್ಪಣೆ ಬೇಕು. ಹಲಗೂರಿನಿಂದ ಮುಂದೆ ರಸ್ತೆಯ ಒಡೆಯರು ಬೇರೆ. ಅಲ್ಲಿಂದ ಮುತ್ತತ್ತಿ ಸಮೀಪಿಸಿದಂತೆ ಕಾವೇರಿ ವನ್ಯಜೀವಿ ಧಾಮದ ಕಾಡು. ಕಾಡಿನ ನೆಲವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1980ರ ಅರಣ್ಯ ಕಾಯಿದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು. ವನ್ಯಜೀವಿ ಧಾಮವೆಂದಮೇಲೆ 1972ರ ಕಾಯಿದೆಯೂ ಅಡ್ಡ ನಿಲ್ಲುತ್ತದೆ. ಆನೆ ಓಡಾಡುವ ಕಾಡಿನಲ್ಲಿ ಯಂತ್ರ ತಂದು ಅಗೆಯುವುದು ಸಣ್ಣ ಮಾತಲ್ಲ, ಆ ಕಾಯಿದೆ ಇರಬೇಕಾದ್ದೇ. ಆದರೆ ಆ ಕಡೆಯ ಊರಿನವರು ಕಾಯಬೇಕಾಗುವುದೂ ನಿಜ. ಇನ್ನು ಮದ್ದೂರಿನ ಕಡೆ ತಂತಿ ತಿರುಗಿದರೆ ಬೆಂಗಳೂರು–ಮೈಸೂರು ರೈಲುಹಳಿಯನ್ನೂ 275ನೆಯ ಹೆದ್ದಾರಿಯನ್ನೂ ದಾಟಬೇಕು. ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯೂ ಅದರ ಕವಲುಗಳೂ ಹೆಜ್ಜೆ ಹೆಜ್ಜೆಗೆ ಸಿಕ್ಕುತ್ತವೆ. ನಾಲೆಯ ಏರಿಯನ್ನು ನೀರಾವರಿಯವರನ್ನು ಕೇಳದೆ ಕೆರೆದರೆ ಏನಾದೀತೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಒಂದೊಂದು ಬಾಗಿಲಲ್ಲೂ ಒಂದೊಂದು ಅರ್ಜಿ, ಒಂದೊಂದು ಶುಲ್ಕ, ಒಂದೊಂದು ಠೇವಣಿ. ಈ ತೊಡಕನ್ನು ಬಿಡಿಸಲು ಭಾರತ್‌ನೆಟ್ಟಿನ ಆರಂಭದಲ್ಲಿ ಕೇಂದ್ರ, ರಾಜ್ಯ, ಕಂಪನಿ ಮೂವರೂ ಒಡಂಬಡಿಕೆ ಮಾಡಿಕೊಂಡು ರಾಜ್ಯಗಳು ತಮ್ಮ ನೆಲದಲ್ಲಿ ಶುಲ್ಕವಿಲ್ಲದೆ ದಾರಿ ಬಿಡುವ ಏರ್ಪಾಡಾಯಿತು. ಆಮೇಲೆ 2016ರ ನವೆಂಬರಿನಲ್ಲಿ ದಾರಿಹಕ್ಕಿನ ನಿಯಮಗಳು ಬಂದವು. ಅರ್ಜಿ ಕೊಟ್ಟ 60 ದಿನಗಳೊಳಗೆ ಅಧಿಕಾರಿಗಳು ಹೂಂ ಎನ್ನಬೇಕು, ಇಲ್ಲವೆಂದರೆ ಕಾರಣ ಬರೆದು ತಿಳಿಸಬೇಕು, ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ ಎಂಬುದು ಅದರ ತಿರುಳು. ಕಚೇರಿಯ ಮೌನವನ್ನು ಒಪ್ಪಿಗೆಯಾಗಿ ಎಣಿಸುವ ಇಂಥ ನಿಯಮ ಇನ್ನೂ ಕೆಲವು ಕೆಲಸಗಳಿಗೆ ಬಂದರೆ ರೈತನಿಗೂ ಒಳ್ಳೆಯದಿತ್ತು! 2025ರ ಜನವರಿ 1ರಿಂದ ಆ ನಿಯಮಗಳ ಜಾಗದಲ್ಲಿ 2024ರ ಹೊಸ ನಿಯಮಗಳು ನಡೆಯುತ್ತಿವೆ.

ನಿಮ್ಮ ಸ್ವಂತ ಜಮೀನಿನ ಮಾತು

ಸರ್ಕಾರಿ ನೆಲದ ಮಾತಾಯಿತು. ಈಗ ಪಟ್ಟಾ ಜಮೀನಿಗೆ ಬರೋಣ. ಇಲ್ಲಿ ಎಲ್ಲರೂ ತಿಳಿಯಬೇಕಾದ ಹಳೆಯ ಕಾಯಿದೆಯೊಂದಿದೆ: 1885ರ ಭಾರತೀಯ ತಂತಿ ಕಾಯಿದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ 92 ಮೈಲಿ ಉದ್ದ ವಿದ್ಯುತ್ ತಂತಿ ಹರಿದು ಮಳವಳ್ಳಿ ಸೀಮೆಯ ಹೆಸರು ಲೋಕಕ್ಕೆ ತಿಳಿಯುವುದಕ್ಕೂ ಮುಂಚಿನ ಕಾಯಿದೆ ಅದು. ಕಡ್ಡಿ ಟೆಲಿಗ್ರಾಂ ಕಾಲದಲ್ಲಿ ಬರೆದದ್ದಾದರೂ ಅದರ 10ನೆಯ ಕಲಂ ನಮ್ಮ ಕಾಲದವರೆಗೂ ದೇಶದ ಹೊಲಗದ್ದೆಗಳನ್ನು ಆಳಿತು.

ಆ ಕಲಮಿನ ಸಾರ ಹೀಗಿದೆ. ತಂತಿ ಇಲಾಖೆ ಯಾರ ಜಮೀನಿನ ಮೇಲಾಗಲಿ, ಕೆಳಗಾಗಲಿ, ಅಂಚಿನಲ್ಲಾಗಲಿ ತಂತಿ ಎಳೆಯಬಹುದು, ಕಂಬ ನೆಡಬಹುದು. ಹಾಗೆ ಮಾಡಿದ ಮಾತ್ರಕ್ಕೆ ಜಮೀನು ಇಲಾಖೆಯದಾಗುವುದಿಲ್ಲ. ಅದಕ್ಕೆ ಸಿಕ್ಕುವುದು ಬಳಸಿಕೊಳ್ಳುವ ಹಕ್ಕು ಮಾತ್ರ. ಆದಷ್ಟು ಕಡಿಮೆ ನಷ್ಟವಾಗುವಂತೆ ಕೆಲಸ ಮಾಡಬೇಕು. ಆದ ನಷ್ಟಕ್ಕೆ ಪೂರ್ತಿ ಪರಿಹಾರ ಕೊಡಬೇಕು. ಅಂದರೆ ಇದು ಭೂಸ್ವಾಧೀನವಲ್ಲ. ಪಹಣಿಯಲ್ಲಿ ನಿಮ್ಮ ಹೆಸರು ಹಾಗೆಯೇ ಇರುತ್ತದೆ, ಕಂದಾಯವೂ ನಿಮ್ಮದೇ.

ರೈತ ಅಡ್ಡಿಮಾಡಿದರೆ? 16ನೆಯ ಕಲಮಿನ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರು, ಎಂದರೆ ನಮ್ಮ ಜಿಲ್ಲಾಧಿಕಾರಿಗಳು, ಕೆಲಸ ನಡೆಯಲೆಂದು ಆಜ್ಞೆ ಮಾಡಬಹುದು. ಆಜ್ಞೆಯಾದ ಮೇಲೂ ಗುದ್ದಲಿಗೆ ಅಡ್ಡ ಮಲಗಿದರೆ ಅದು ಅಪರಾಧ. ಹೈಟೆನ್ಷನ್ ಗೋಪುರಗಳ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಜಮೀನಿನ ಒಡೆಯನ ಒಪ್ಪಿಗೆ ಕಡ್ಡಾಯವಲ್ಲವೆಂದೇ ಹೇಳಿತು. ಇದು ಕಹಿಯಾದ ಮಾತು. ಕೆರೆ ಕಟ್ಟೆಗೆ ಜಾಗ ಬಿಟ್ಟುಕೊಟ್ಟ ಜನಕ್ಕೆ ಕೇಳಿಯಾದರೂ ತೆಗೆದುಕೊಳ್ಳಬಾರದಾಗಿತ್ತೇ ಎನಿಸುವುದು ಸಹಜ. ಆದರೆ ಬೇಡವೆನ್ನುವ ಬಾಗಿಲು ಕಿರಿದಾದರೂ ಪರಿಹಾರ ಕೇಳುವ ಬಾಗಿಲನ್ನು ಅದೇ ಕಾಯಿದೆ ಅಗಲವಾಗಿಯೇ ತೆರೆದಿದೆ. ನಮ್ಮವರು ಹೆಚ್ಚಾಗಿ ಮೊದಲಿನದರ ಮುಂದೆ ನಿಂತು ಕೂಗುತ್ತಾರೆ, ಎರಡನೆಯದನ್ನು ತಟ್ಟುವುದೇ ಇಲ್ಲ.

ಪರಿಹಾರ ಸಾಲದೆಂದು ಕಂಡರೆ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಅವರು ನಿಗದಿಮಾಡುತ್ತಾರೆ. ಮೊತ್ತ ಹೇಗೆ ಎಣಿಸಬೇಕೆಂಬುದಕ್ಕೆ ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ದಾರಿ ತೋರಿಸಿದೆ. ಎಲ್ಲ ಜಮೀನಿಗೂ ಒಂದೇ ಅಳತೆಗೋಲು ಸಲ್ಲದು; ಜಮೀನು ಎಲ್ಲಿದೆ, ತಂತಿ ಅಂಚಿನಲ್ಲಿ ಹೋಗಿದೆಯೋ ನಟ್ಟನಡುವೆ ಹೋಗಿದೆಯೋ, ಉಳಿದ ನೆಲ ಬಳಕೆಗೆ ಬರುತ್ತದೆಯೋ ಇಲ್ಲವೋ ನೋಡಬೇಕು ಎಂದಿತು. ಹತ್ತು ಎಕರೆಯವನ ಅಂಚಿನಲ್ಲಿ ಹಾಯ್ದ ತಂತಿಗೂ ಹತ್ತು ಗುಂಟೆಯವನ ನಡುವೆ ಹಾಯ್ದದ್ದಕ್ಕೂ ವ್ಯತ್ಯಾಸವಿದೆ.

ಜಮೀನು ಇನ್ನೂ ತಾತನ ಹೆಸರಿನಲ್ಲಿದ್ದು, ಪೌತಿ ಖಾತೆಯಾಗದೆ, ನಾಲ್ಕು ಜನ ಅಣ್ಣ ತಮ್ಮಂದಿರಲ್ಲಿ ಪಾಲಾಗದೆ ಉಳಿದಿದ್ದರೆ ಏನು ಗತಿ? ನಮ್ಮ ಕಡೆ ಇದೇ ಹೆಚ್ಚು. ಪರಿಹಾರ ಯಾರಿಗೆ, ಎಷ್ಟೆಷ್ಟು ಎಂಬ ಜಗಳ ಎದ್ದರೆ ಇಲಾಖೆ ಹಣವನ್ನು ಜಿಲ್ಲಾ ನ್ಯಾಯಾಲಯದಲ್ಲಿ ಕಟ್ಟಬಹುದು, ನ್ಯಾಯಾಧೀಶರು ಎಲ್ಲರಿಗೂ ನೋಟೀಸು ಕೊಟ್ಟು ಪಾಲು ಗೊತ್ತುಮಾಡುತ್ತಾರೆ ಎಂದು ಆ ಕಾಯಿದೆಯೇ ಹೇಳುತ್ತದೆ. ಹಿರಿಯಣ್ಣನೊಬ್ಬನೇ ರುಜು ಹಾಕಿ ಹಣ ಪಡೆದರೆ ಕಿರಿಯವರ ಹಕ್ಕು ಹೋಗುವುದಿಲ್ಲ, ದಾವೆ ಹೂಡಿ ತಮ್ಮ ಪಾಲು ವಸೂಲು ಮಾಡಬಹುದು. ಆದರೆ ದಾವೆಯ ಖರ್ಚು ಪರಿಹಾರಕ್ಕಿಂತ ಹೆಚ್ಚಾದೀತು. ಖಾತೆ ಸರಿಮಾಡಿಸಿಕೊಳ್ಳುವುದೇ ಅಗ್ಗ.

ಇನ್ನೊಂದು ಕಲಮಿದೆ, 17ನೆಯದು. ಅದನ್ನು ಬಲ್ಲವರು ಕಡಿಮೆ. ಮುಂದೆ ನೀವು ಅಲ್ಲಿ ಮನೆ ಕಟ್ಟಬೇಕು, ಬಾವಿ ತೋಡಬೇಕು, ತಂತಿ ಅಡ್ಡವಾಗಿದೆ. ಆಗ ಅದನ್ನು ಸರಿಸಿರೆಂದು ಇಲಾಖೆಯನ್ನು ಕೇಳುವ ಹಕ್ಕು ನಿಮಗಿದೆ. ಹಿಂದೆ ಪರಿಹಾರ ಪಡೆದಿದ್ದರೆ, ಸರಿಸುವ ಖರ್ಚನ್ನೋ ಪಡೆದ ಪರಿಹಾರದ ಅರ್ಧವನ್ನೋ, ಯಾವುದು ಕಡಿಮೆಯೋ ಅದನ್ನು ಕಟ್ಟಬೇಕು. ಇಲಾಖೆ ಕಿವಿಗೆ ಹಾಕಿಕೊಳ್ಳದಿದ್ದರೆ ಜಿಲ್ಲಾಧಿಕಾರಿಗಳಿಗೆ ಅರ್ಜಿ.

ಹೊಸ ಕಾಯಿದೆ

2023ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ದೂರಸಂಪರ್ಕ ಕಾಯಿದೆಯನ್ನು ಮಾಡಿತು. ಅದರ ದಾರಿಹಕ್ಕಿನ ಅಧ್ಯಾಯ 2024ರ ಜೂನ್ 26ರಿಂದ ಜಾರಿಗೆ ಬಂದಿದೆ. ಖಾಸಗಿ ಜಮೀನಿನ ಮಟ್ಟಿಗೆ ಇದರ ನಡೆ ಹಳೆಯದಕ್ಕಿಂತ ಸ್ವಲ್ಪ ಮೃದು. ತಂತಿ ಎಳೆಯುವವರು ಮೊದಲು ಜಮೀನಿನ ಒಡೆಯನಿಗೆ ಅರ್ಜಿ ಕೊಡಬೇಕು. ಹೌದು, ಈ ಸಲ ಅರ್ಜಿ ಬರೆಯುವವರು ಅವರು! ಇಬ್ಬರೂ ಕೂತು ಕರಾರು ಮಾಡಿಕೊಳ್ಳಬಹುದು. ಒಡೆಯ ಒಪ್ಪದಿದ್ದರೆ, ಸಾರ್ವಜನಿಕ ಹಿತಕ್ಕೆ ಅದು ಬೇಕೇ ಬೇಕೆಂದು ಕೇಂದ್ರ ಸರ್ಕಾರ ತೀರ್ಮಾನಿಸಿದಲ್ಲಿ ಮಾತ್ರ, ದಾರಿಹಕ್ಕನ್ನು ಪಡೆಯುವ ಕ್ರಮಕ್ಕೆ ಕೈಹಾಕಬಹುದು. ಜಮೀನಿನ ಮೇಲೆ ಅವರಿಗೆ ಒಡೆತನ ಬಾರದು ಎಂಬ ಹಳೆಯ ತತ್ತ್ವ ಇಲ್ಲಿಯೂ ಇದೆ. ಹಾಗೆಯೇ ಜಮೀನು ಮಾರಿದರೆ ತಂತಿಯೂ ಮಾರಾಟವಾಯಿತೆಂದು ನೀವೂ ಹೇಳುವಂತಿಲ್ಲ, ಅದು ಬೇರೆಯೇ ಆಸ್ತಿ. ಪರಿಹಾರದ ತಕರಾರು ಜಿಲ್ಲಾ ನ್ಯಾಯಾಧೀಶರ ಮುಂದೆ, ಉಳಿದ ತಕರಾರು ಜಿಲ್ಲಾಧಿಕಾರಿಗಳ ಮುಂದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ವಿದ್ಯುತ್ ಗೋಪುರದ ತಂತಿಗಳಿಗೆ 2003ರ ವಿದ್ಯುತ್ ಕಾಯಿದೆಯ 164ನೆಯ ಕಲಮಿನ ಮೂಲಕ ಹಳೆಯ ತಂತಿ ಕಾಯಿದೆಯ ಅಧಿಕಾರವನ್ನೇ ಕೊಡುತ್ತಿದ್ದರು. ಅವುಗಳ ಮಟ್ಟಿಗೆ ಅದೇ ಹಳೆಯ ಭಾಗ ಮುಂದುವರಿಯಲಿ ಎಂದು ಹೊಸ ಕಾಯಿದೆ ಹೇಳಿದೆ. ಆದ್ದರಿಂದ ಒಂದೇ ಗದ್ದೆಯ ಮೇಲೆ ಹಾಯುವ ವಿದ್ಯುತ್ ತಂತಿಗೆ ಒಂದು ಕಾಯಿದೆ, ಕೆಳಗೆ ಹುಗಿಯುವ ಗಾಜಿನ ತಂತಿಗೆ ಇನ್ನೊಂದು. ಪಕ್ಕದವನಿಗೆ ಗೋಪುರಕ್ಕೆ ಅಷ್ಟು ಕೊಟ್ಟರು, ನನಗೆ ಕೇಬಲ್ಲಿಗೆ ಇಷ್ಟೇ ಏಕೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ನೆಲದಲ್ಲಿದೆ. ಗೋಪುರದ ಕಾಲಿಟ್ಟ ಜಾಗ ಮತ್ತೆ ಉಳುಮೆಗೆ ಬಾರದು. ಅದಕ್ಕಾಗಿಯೇ ವಿದ್ಯುತ್ ಮಂತ್ರಾಲಯ 2015ರಲ್ಲಿ ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ನೂರಕ್ಕೆ 85ರಷ್ಟು ಕೊಡಬೇಕೆಂದು ರಾಜ್ಯಗಳಿಗೆ ಸಲಹೆಮಾಡಿತು. 2024ರಲ್ಲಿ ಅದನ್ನು ಇಮ್ಮಡಿಗೂ ಮೇಲೆ, ನೂರಕ್ಕೆ 200ಕ್ಕೆ ಏರಿಸಿತು. ಭಾರತ್‌ನೆಟ್ಟಿನ ಕೇಬಲ್ಲಾದರೋ 1.65 ಮೀಟರು, ಎಂದರೆ ಸುಮಾರು ಐದೂವರೆ ಅಡಿ ಆಳಕ್ಕೆ ಹೋಗಬೇಕೆಂದು ನಿಗದಿ. ಅಷ್ಟು ಆಳದಲ್ಲಿ ಸರಿಯಾಗಿ ಹುಗಿದು ಮಣ್ಣು ಗಟ್ಟಿಸಿದರೆ ಮೇಲೆ ಟ್ರಾಕ್ಟರು ಹೂಡಬಹುದು, ಕಬ್ಬು ನೆಡಬಹುದು.

ಸರಿಯಾಗಿ ಹುಗಿದರೆ ಎಂದೆವು. ಗುತ್ತಿಗೆದಾರ ಎರಡೇ ಅಡಿಗೆ ಕೈಬಿಟ್ಟು ಹೋದರೆ ಮುಂದೆ ನೇಗಿಲಿಗೆ ಸಿಕ್ಕುವುದು ಅದೇ ಕೇಬಲ್ಲು, ತಪ್ಪುಗಾರನಾಗಿ ಕಾಣುವವನು ನೀವು. ಆದ್ದರಿಂದ ಅಗೆತದ ದಿನ ಹೊಲದಲ್ಲಿ ನಿಂತು ಒಂದು ಕೋಲು ಇಳಿಬಿಟ್ಟು ಆಳ ನೋಡಿ. ಮೇಲ್ಮಣ್ಣನ್ನು ಒಂದು ಕಡೆ, ಅಡಿಯ ಗೊಚ್ಚುಮಣ್ಣನ್ನು ಒಂದು ಕಡೆ ಹಾಕಿಸಿ. ಮುಚ್ಚುವಾಗ ಅಡಿಮಣ್ಣು ಅಡಿಗೇ ಹೋಗಲಿ. ಅದು ತಿರುಗುಮುರುಗಾದರೆ ಆ ಸಾಲಿನಲ್ಲಿ ಎರಡು ಮೂರು ಬೆಳೆ ಸೊರಗುವುದು ರೈತನಿಗೆ ಗೊತ್ತು, ಇಂಜಿನಿಯರರಿಗೆ ಗೊತ್ತಿರಲಾರದು. ಕಬ್ಬು ಕಡಿದು ಕೂಳೆ ಬಿಡುವ ಮೊದಲೋ, ಭತ್ತದ ಕುಯ್ಲಾದ ಮೇಲೋ ಕೆಲಸ ಹಿಡಿಯಿರೆಂದು ಕರಾರಿನಲ್ಲೇ ಬರೆಸಬಹುದು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಕಾಲುವೆಯ ಅಡ್ಡಕ್ಕೆ ಅಗೆಯಲು ಬಿಡಬೇಡಿ.

ಕಡಿದ ತಂತಿ

ಈ ಜಾಲಕ್ಕೆ ದೊಡ್ಡ ಶತ್ರು ಕಳ್ಳನೂ ಅಲ್ಲ, ಇಲಿಯೂ ಅಲ್ಲ. ಜೆ.ಸಿ.ಬಿ. ಯಂತ್ರ. ರಸ್ತೆ ಅಗಲಮಾಡುವವರು, ನೀರಿನ ಪೈಪು ಹಾಕುವವರು, ಚರಂಡಿ ತೆಗೆಯುವವರು ಒಬ್ಬರಿಗೊಬ್ಬರು ಹೇಳದೆ ಅಗೆಯುತ್ತಾರೆ. ಮೊದಲು ಹಾಕಿದ ಕೇಬಲ್ಲುಗಳು ತಾಲ್ಲೂಕು ಕೇಂದ್ರದಿಂದ ಒಂದೇ ಎಳೆಯಾಗಿ ಪಂಚಾಯಿತಿಗೆ ಹೋಗುತ್ತಿದ್ದವು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ: ಮೇಲೆ ಎಲ್ಲೋ ಕಾಲುವೆ ಒಡೆದರೆ ಕೆಳಗಿನವರಿಗೆಲ್ಲ ಬರ. ಪಂಚಾಯಿತಿಯಲ್ಲಿ ಪೆಟ್ಟಿಗೆ ಇದೆ, ದೀಪ ಉರಿಯುವುದಿಲ್ಲ. ಜನ ಕಾದು ಕಾದು ತಾಲ್ಲೂಕಿಗೆ ಬಸ್ಸು ಹತ್ತುತ್ತಾರೆ. 2023ರ ತಿದ್ದಿದ ಯೋಜನೆಯಲ್ಲಿ ಕೇಬಲ್ಲನ್ನು ಉಂಗುರದಂತೆ ಸುತ್ತಿಸಬೇಕೆಂದು ಗೊತ್ತುಮಾಡಿದ್ದಾರೆ. ಉಂಗುರ ಒಂದು ಕಡೆ ಕಡಿದರೂ ಇನ್ನೊಂದು ಕಡೆಯಿಂದ ಬೆಳಕು ಹರಿಯುತ್ತದೆ. ಆದರೆ ಉಂಗುರ ಕೂಡಬೇಕಾದರೆ ಹೊಸ ದಾರಿ ಬೇಕು, ಅದಕ್ಕೆ ಮತ್ತೆ ಅಪ್ಪಣೆ, ಮತ್ತೆ ಯಾರದೋ ಬದು.

ಅಗೆಯುವವರು ಮೊದಲೇ ತಿಳಿಸಬೇಕೆಂದು ಈಗ ನಿಯಮವಿದೆ. ಅದಕ್ಕಾಗಿ 2023ರ ಮಾರ್ಚಿನಲ್ಲಿ ಕೇಂದ್ರದವರು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲು ಆಪನ್ನು ಹೊರತಂದರು. ನಿಮ್ಮ ಹೊಲದಲ್ಲಿ ಪೈಪು ಹೂಳಲು ಯಂತ್ರ ಕರೆಸುವ ಮುನ್ನ, ಹತ್ತಿರ ಆ ಮೋಟುಕಲ್ಲು ಕಂಡರೆ, ಪಂಚಾಯಿತಿಗೊಂದು ಮಾತು ಹೇಳಿ. ಬೇಕೆಂದೇ ಕಡಿದವರಿಗೆ ಕಾಯಿದೆಯಲ್ಲಿ ಭಾರಿ ದಂಡವಿದೆ.

ಗೋಪುರ, ತೆರಿಗೆ, ಮೋಸ

ಮೊಬೈಲು ಗೋಪುರದ ವಿಷಯ ಬೇರೆ, ಚಿಕ್ಕದಾಗಿ ಹೇಳುತ್ತೇವೆ. ಅದು ಬಾಡಿಗೆಯ ಕರಾರು. ಗೋಪುರಕ್ಕೆ ಸ್ಥಳೀಯ ತೆರಿಗೆ ಹಾಕಬಹುದೇ ಎಂಬುದು ದೊಡ್ಡ ಮೊಕದ್ದಮೆಯಾಗಿ, ಗೋಪುರವೂ ಕಟ್ಟಡವೇ, ರಾಜ್ಯ ತೆರಿಗೆ ಹಾಕಬಹುದು ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2023ರ ಕಾಯಿದೆಯಾದರೋ ಆಸ್ತಿ ತೆರಿಗೆಯ ಲೆಕ್ಕಕ್ಕೆ ಅದನ್ನು ಆ ಆಸ್ತಿಯ ಭಾಗವೆಂದು ಎಣಿಸಬಾರದೆನ್ನುತ್ತದೆ. ಪಂಚಾಯಿತಿಯ ವರಮಾನಕ್ಕೆ ಸಂಬಂಧಿಸಿದ ಮಾತಾದ್ದರಿಂದ ಸದಸ್ಯರು ಇದನ್ನು ತಿಳಿದಿರಬೇಕು. ಬಿಡಿಸುವ ಕೆಲಸ ವಕೀಲರಿಗೆ ಬಹುಕಾಲದ ಅನ್ನವಾದೀತು. ಇನ್ನು, ನಿಮ್ಮ ಜಮೀನಿನಲ್ಲಿ ಗೋಪುರ ನಿಲ್ಲಿಸುತ್ತೇವೆ, ಲಕ್ಷಗಟ್ಟಲೆ ಮುಂಗಡ ಕೊಡುತ್ತೇವೆ, ಮೊದಲು ನೋಂದಣಿಗೆಂದು ಇಷ್ಟು ಕಳಿಸಿ ಎಂದು ಫೋನು ಬಂದರೆ ಅದು ಮೋಸ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್, ಇಂಥ ಯಾವ ಪರವಾನಗಿ ಪತ್ರವನ್ನೂ ಕೊಡುವುದಿಲ್ಲವೆಂದು ಮತ್ತೆ ಮತ್ತೆ ಎಚ್ಚರಿಸಿದೆ.

ರುಜು ಹಾಕುವ ಮುನ್ನ

ಕಾಗದ ಹಿಡಿದು ಬಂದವರನ್ನು ಕೂರಿಸಿ ನೀರು ಕೊಡಿ, ಆಮೇಲೆ ನಾಲ್ಕು ಮಾತು ಕೇಳಿ. ಕೆಲಸ ಯಾರದು, ಗುತ್ತಿಗೆ ಯಾರದು, ಕಾರ್ಯಾದೇಶದ ನಕಲು ಎಲ್ಲಿ? ಗುತ್ತಿಗೆದಾರನ ಕೆಳಗಿನ ತುಂಡು ಗುತ್ತಿಗೆದಾರ ಕೊಟ್ಟ ಭಾಷೆ ಕೆಲಸ ಮುಗಿದ ಮರುದಿನ ಸಿಕ್ಕುವುದಿಲ್ಲ. ಕರಾರು ಕನ್ನಡದಲ್ಲಿರಲಿ. ಸರ್ವೆ ನಂಬರು, ಅಗಲ, ಆಳ, ಉದ್ದ, ತಿಂಗಳು, ಬೆಳೆಯ ಪರಿಹಾರ, ಮರ ಕಡಿದರೆ ಅದಕ್ಕೆ ಬೇರೆ ಲೆಕ್ಕ, ಮುಂದೆ ತಂತಿ ಸರಿಸಬೇಕಾದರೆ ಯಾರು ಸರಿಸತಕ್ಕದ್ದು, ಇಷ್ಟೂ ಅದರಲ್ಲಿ ಬರಲಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಅಗೆಯುವ ಮುಂಚೆ ಬೆಳೆ ನಿಂತ ಹೊಲದ ಫೋಟೋ ತೆಗೆಸಿಡಿ, ಅಗೆದ ಮೇಲೆ ಅದೇ ಜಾಗದಿಂದ ಇನ್ನೊಂದು. ಗ್ರಾಮ ಆಡಳಿತ ಅಧಿಕಾರಿಯನ್ನು ಕರೆದು ಪಂಚರ ಮುಂದೆ ಮಹಜರು ಬರೆಸಿ, ಎಷ್ಟು ಸಾಲು ಕಬ್ಬು, ಎಷ್ಟು ತೆಂಗಿನ ಮರ, ಯಾವ ವಯಸ್ಸಿನವು ಎಂದು ಎಣಿಸಿ ನಮೂದಿಸಲಿ. ಈ ಕಾಗದಗಳ ಒಂದೊಂದು ನಕಲು ಪಹಣಿಯ ಜೊತೆ ಪೆಟ್ಟಿಗೆಯಲ್ಲಿರಲಿ. ಪರಿಹಾರ ಸಾಲದೆಂದು ಮಂಡ್ಯದ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಇವನ್ನೇ. ವಕೀಲರ ಫೀಸಿಗೆ ಕೈಯಲ್ಲಿ ಹಣವಿಲ್ಲದವರು ಅದೇ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು. 1987ರ ಕಾಯಿದೆಯ ಪ್ರಕಾರ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ವರಮಾನ ನೋಡದೆ, ಉಳಿದವರಿಗೆ ನಿಗದಿಯಾದ ವರಮಾನದೊಳಗಿದ್ದರೆ, ವಕೀಲರನ್ನು ಉಚಿತವಾಗಿ ಗೊತ್ತುಮಾಡಿಕೊಡುತ್ತಾರೆ.